ಹೈಬ್ರಿಡ್ ಅಂತೆ, ಹೌದಾ?

"ಮುಂದಿನದ್ದು ಹೈಬ್ರಿಡ್ ಅಂತೆ, ಹೌದಾ?"

ಪ್ರಶ್ನೆ ಇಷ್ಟೇ. ಯಾವ ಕಾರಿನ ಮುಂದಿನದ್ದು ಎಂದು ಯಾರೂ ಹೇಳುವುದಿಲ್ಲ. ನನಗೆ ಕಾರಿನ ಹುಚ್ಚು ಎಂದು ಒಮ್ಮೆ ಗೊತ್ತಾದರೆ ಸಾಕು, ಲಿಫ್ಟಿನಲ್ಲಿ ಸಿಕ್ಕವರೂ ಕೇಳುತ್ತಾರೆ. ಬರಲಿರುವ ಯಾವುದೋ ಸ್ಪೋರ್ಟ್ಸ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಕೂಡ ಇರುತ್ತಂತೆ, ನಿಜವಾ, ನಿಜವಾದರೆ ಕಾರು ಕೆಟ್ಟುಹೋಯಿತಲ್ಲ. ಬಿಡಿಸಿ ಹೇಳಿದರೆ ಪ್ರಶ್ನೆ ಇದು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುತ್ತೇನೆ.

ಕೊನೆಯ ಸಲ ಕೇಳಿದವರು ನನ್ನ ಹಲ್ಲಿನ ಡಾಕ್ಟರು. ಆಗ ನನ್ನ ಬಾಯಲ್ಲಿ ಎರಡು ಹತ್ತಿಯ ಉಂಡೆ, ಎಂಜಲು ಎಳೆಯುವ ಒಂದು ಕೊಳವೆ ಮತ್ತು ಅವರ ಎರಡು ಬೆರಳು ಇದ್ದವು. ಅರ್ಧ ತುಟಿ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

"ನೀವು ಕಾರಿನ ಬಗ್ಗೆ ಬರೀತೀರಲ್ವಾ? ಟೆಸ್ಟ್ ಮಾಡ್ತಿರೋ ಕಾರಿನ ಫೋಟೋ ನೋಡಿದೆ. ಗಾಜಿನ ಮೇಲೆ ಹಳದಿ ಸ್ಟಿಕ್ಕರ್ ಇತ್ತು. ಹೈಬ್ರಿಡ್ ಅಂತೆ. ಹಾಳು ಮಾಡ್ಬಿಟ್ರು ಅಲ್ವಾ?"

ನಾನು "ಆಂ" ಎಂದೆ.

"ಹೌದು ಅಂತೀರಾ? ನಾನೂ ಅದೇ ಅಂದ್ಕೊಂಡೆ" ಎಂದು ಅವರು ಡ್ರಿಲ್ ಶುರು ಮಾಡಿದರು.

ಡಾಕ್ಟರೇ, ಅದು ಹೌದು ಅಲ್ಲ. ಅದು ನೋವು.

ಆ ಹಳದಿ ಸ್ಟಿಕ್ಕರ್ ವಿಷಯ ಮೊದಲು ಮುಗಿಸೋಣ. ಯುರೋಪಿನಲ್ಲಿ ಓಡಾಡುವ ಟೆಸ್ಟ್ ಕಾರುಗಳಲ್ಲಿ ದೊಡ್ಡ ವೋಲ್ಟೇಜಿನ ಬ್ಯಾಟರಿ ಇದ್ದರೆ ಅಂಥ ಸ್ಟಿಕ್ಕರ್ ಹಚ್ಚುತ್ತಾರೆ. ಅಪಘಾತವಾದರೆ ಕಾಪಾಡಲು ಬಂದವರು ನೋಡದೆ ತಂತಿ ಕತ್ತರಿಸಬಾರದು ಎಂದು. ಅಂದರೆ ಅದು ಅಗ್ನಿಶಾಮಕದವರಿಗೆ ಬರೆದ ಚೀಟಿ. ನಾವು ಅದನ್ನು ಜಾತಕದ ಹಾಗೆ ಓದುತ್ತೇವೆ. ನಾನೂ ಓದುತ್ತೇನೆ, ಸುಳ್ಳು ಯಾಕೆ ಹೇಳಲಿ. ಫೋಟೋ ಹಿಗ್ಗಿಸಿ ಚಾರ್ಜಿಂಗ್ ಮುಚ್ಚಳ ಎಲ್ಲಿದೆ ಎಂದು ಹುಡುಕುತ್ತೇನೆ. ವಿಡಿಯೋ ಸಿಕ್ಕರೆ ಕಾರು ಹೊರಡುವಾಗ ಎಂಜಿನ್ ಸದ್ದು ಇದೆಯಾ, ಇಲ್ಲ ಸುಮ್ನೆ ತೆವಳುತ್ತಾ ಬರುತ್ತಿದೆಯಾ ಎಂದು ಕಿವಿಗೊಟ್ಟು ಕೇಳುತ್ತೇನೆ.

ಹಾಗಾಗಿ ಊಹೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ "ಅಂತೆ" ಮೇಲೆ. ಅಂತೆ ಕಂತೆಗಳ ಸಂತೆಗೆ ಇಲ್ಲಿ ಜಾಗವೇ ಇಲ್ಲ, ಯಾಕೆಂದರೆ ಇದು ಹಳೇ ಸುದ್ದಿ. 2013ರಲ್ಲೇ ಪೋರ್ಷೆ 918 ಸ್ಪೈಡರ್, ಮೆಕ್‌ಲಾರೆನ್ ಪಿ1, ಲಾಫೆರಾರಿ ಮೂರೂ ಹೈಬ್ರಿಡ್. ಅದೇ ವರ್ಷ 918 ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿತು. ಅದಕ್ಕೂ ಒಂದು ವರ್ಷ ಮೊದಲೇ ಲೆ ಮಾನ್ಸ್ 24 ಗಂಟೆಯ ರೇಸನ್ನು ಆಡಿಯ ಹೈಬ್ರಿಡ್ ಕಾರು ಗೆದ್ದಿತ್ತು. ಇನ್ನೂ ಹಿಂದೆ ಹೋಗಬೇಕಾ? ಫರ್ಡಿನಂಡ್ ಪೋರ್ಷೆ 1900ರಲ್ಲೇ ಪೆಟ್ರೋಲ್ ಎಂಜಿನ್‌ನಿಂದ ಕರೆಂಟ್ ತಯಾರಿಸಿ ಚಕ್ರದೊಳಗಿನ ಮೋಟರ್ ತಿರುಗಿಸುವ ಗಾಡಿ ಮಾಡಿದ್ದರು.

(2013ರಲ್ಲಿ "ಇದೆಲ್ಲ ಎರಡು ವರ್ಷದ ಶೋಕಿ" ಎಂದು ನಾನೇ ಹೇಳಿಕೊಂಡು ತಿರುಗಿದ್ದೆ. ನೆನಪಿರುವವರು ದಯವಿಟ್ಟು ಸುಮ್ನಿರಿ.)

"ಹಾಗಾದ್ರೆ ಮೈಲೇಜ್ ಜಾಸ್ತಿ ಬರುತ್ತಾ?" ಎಂಬುದು ಮರಿ ಪ್ರಶ್ನೆ. ಸಾವಿರ ಹಾರ್ಸ್‌ಪವರ್ ಕಾರಿನ ಮೈಲೇಜ್ ಕೇಳುವುದೆಂದರೆ ಪೈಲ್ವಾನನ ಕೈಬರಹ ಹೇಗಿದೆ ಎಂದು ಕೇಳಿದ ಹಾಗೆ. ಚೆನ್ನಾಗಿದ್ದರೂ ಇರಬಹುದು, ಅಖಾಡಕ್ಕೆ ಇಳಿದದ್ದು ಅದಕ್ಕಲ್ಲ.

ಮತ್ತೆ ಯಾತಕ್ಕೆ? ಇಲ್ಲಿ ಸ್ವಲ್ಪ ಕೂತು ಓದಿ, ಡಾಕ್ಟರಿಗೆ ಹೇಳಲಾಗದೆ ಉಳಿದದ್ದು ಇದೇ. ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪು. ಅದಿರುವ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಒಳಗೆ ವಿಪರೀತ ಬಿಸಿ. ಅದನ್ನು ತಣಿಸಲು ಹಿಂದಿನಿಂದ ಒಂದು ಉಪಾಯ ಇತ್ತು. ಸುಡುವುದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಚಿಮುಕಿಸುವುದು. ಆ ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಬಿಸಿ ಹೀರಿಕೊಳ್ಳುತ್ತದೆ. ಆದರೆ ಪೂರ್ತಿ ಸುಡದೆ ಹೊಗೆಯ ಜೊತೆ ಹೋಗುತ್ತದೆ. ಹೊಗೆಯ ನಿಯಮ ಬಿಗಿಯಾದ ಹಾಗೆ ಈ ಬಾಗಿಲು ಮುಚ್ಚುತ್ತಿದೆ. ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್, ಪೂರ್ತಿ ಒತ್ತಿದಾಗಲೂ. ಹಾಗೆ ಮಾಡಿದರೆ ಅದೇ ಎಂಜಿನ್‌ನಿಂದ ಮೊದಲಿನಷ್ಟು ಬಲ ಬರುವುದಿಲ್ಲ. ಆ ಕೊರತೆಯನ್ನು ಎಲ್ಲಿಂದಲೋ ತುಂಬಬೇಕು.

2024ರ ಪೋರ್ಷೆ 911 ಜಿಟಿಎಸ್‌ನಲ್ಲಿ ಮಾಡಿದ್ದು ಇದನ್ನೇ. ಎಂಜಿನ್ 3.0 ಲೀಟರ್ ಇದ್ದದ್ದು 3.6 ಆಯಿತು. ಎರಡು ಟರ್ಬೊ ಹೋಗಿ ಒಂದೇ ದೊಡ್ಡ ಟರ್ಬೊ ಬಂತು, ಅದರ ಹೊಟ್ಟೆಯೊಳಗೆ ಪುಟ್ಟ ಮೋಟರ್. ದೊಡ್ಡ ಟರ್ಬೊಗೆ ಸೋಮಾರಿತನ ಜಾಸ್ತಿ. ಹೊಗೆಯ ರಭಸ ಬಂದು ತಳ್ಳುವವರೆಗೂ ಏಳುವುದಿಲ್ಲ. ಈ ಮೋಟರ್ ಅದನ್ನು ಮೊದಲೇ ಎಬ್ಬಿಸಿ ತಿರುಗಿಸಿಬಿಡುತ್ತದೆ. ಆಮೇಲೆ ಹೊಗೆ ಬೇಕಾದ್ದಕ್ಕಿಂತ ಜೋರಾದಾಗ ಅದೇ ಮೋಟರ್ ಜನರೇಟರ್ ಆಗಿ 11 ಕಿಲೋವ್ಯಾಟ್‌ವರೆಗೆ ಕರೆಂಟ್ ವಾಪಸ್ ಕೊಡುತ್ತದೆ. ಗೇರ್‌ಬಾಕ್ಸ್‌ನೊಳಗೆ ಇನ್ನೊಂದು ಮೋಟರ್ ಇದೆ. ಎಲ್ಲ ಸೇರಿ 541 ಹಾರ್ಸ್‌ಪವರ್. ತೂಕ ಹಿಂದಿನ ಜಿಟಿಎಸ್‌ಗಿಂತ 50 ಕಿಲೋ ಜಾಸ್ತಿ. ನ್ಯೂರ್ಬರ್ಗ್‌ರಿಂಗ್‌ನಲ್ಲಿ 8.7 ಸೆಕೆಂಡ್ ಬೇಗ. ಚಾರ್ಜಿಂಗ್ ತೂತು ಇಲ್ಲ, ಬರೀ ಕರೆಂಟಿನಲ್ಲಿ ಒಂದು ಮೀಟರ್ ಕೂಡ ಓಡುವುದಿಲ್ಲ.

ಟರ್ಬೊದೊಳಗೆ ಮೋಟರ್ ಇಡುವ ಈ ಉಪಾಯ ಫಾರ್ಮುಲಾ 1ರಲ್ಲಿ 2014ರಿಂದ ಇತ್ತು. 2026ರ ನಿಯಮದಲ್ಲಿ ಅದನ್ನು ಕಿತ್ತುಹಾಕಿದರು. ರಸ್ತೆಗೆ ಬರುವ ಹೊತ್ತಿಗೆ ರೇಸಿನಿಂದ ಹೋಯಿತು. ಇದು ನನಗೆ ಯಾಕೋ ಬಹಳ ಇಷ್ಟವಾದ ಸಂಗತಿ, ಯಾರಿಗೆ ಹೇಳಿದರೂ ನಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಬರುವ ಬಾಣ: "ನೀನು ಯಾವತ್ತಾದ್ರೂ ಓಡಿಸಿದ್ದೀಯಾ?"

ಇಲ್ಲ. ಓಡಿಸಿಲ್ಲ. ನನ್ನ ಕಾರಿನ ಹಿಂದಿನ ಎಡಗಡೆ ಕಿಟಕಿ ಇಳಿಯುವುದಿಲ್ಲ. ಆದರೂ ಓದಿದ್ದೇನೆ. ಸಾಮಾನ್ಯ ಹೈಬ್ರಿಡ್ ಕಾರೊಂದನ್ನು ಓಡಿಸಿದ್ದೇನೆ, ಗೆಳೆಯನದ್ದು, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಬ್ರೇಕ್ ಮೇಲೆ ಕಾಲಿಟ್ಟರೆ ಮೊದಲು ಮೋಟರೇ ಕಾರನ್ನು ಹಿಡಿದು ನಿಧಾನ ಮಾಡುತ್ತದೆ, ಬ್ಯಾಟರಿಗೆ ಕರೆಂಟ್ ತುಂಬಿಸುತ್ತಾ. ಪೂರ್ತಿ ನಿಲ್ಲುವ ಹೊತ್ತಿಗೆ ಕೆಲಸ ಮಾಮೂಲಿ ಬ್ರೇಕಿಗೆ ಕೈಬದಲಾಗುತ್ತದೆ. ಆ ಕೈಬದಲು ನನ್ನ ಪಾದಕ್ಕೆ ಸ್ಪಷ್ಟವಾಗಿ ಗೊತ್ತಾಯಿತು. ಪೆಡಲ್ ಒಂದು ಕ್ಷಣ ಮೆತ್ತಗಾಗಿ, ಆಮೇಲೆ ಗಬಕ್ಕನೆ ಹಿಡಿಯಿತು. ಗೋಡೆಗೆ ಒಂದು ಗೇಣು ಉಳಿದಿತ್ತು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಇಷ್ಟು ಗಾಬರಿಯಾದರೆ, 250ರಿಂದ ತಿರುವಿಗೆ ಬರುವಾಗ?

ನೋಡಿ, ಕೇಳಬೇಕಾದ ಪ್ರಶ್ನೆ ಅಲ್ಲಿದೆ. ಹೈಬ್ರಿಡ್ ಹೌದಾ ಅಲ್ಲವಾ ಎಂದಲ್ಲ. ಮೋಟರ್ ಎಲ್ಲಿಟ್ಟಿದ್ದಾರೆ? ಬ್ಯಾಟರಿ ಎಷ್ಟು ದೊಡ್ಡದು? ಬ್ರೇಕ್ ಪೆಡಲ್ ಹೇಗಿದೆ? ಇಷ್ಟು ವರ್ಷದಲ್ಲಿ ಒಬ್ಬರಾದರೂ ಕೇಳಬಾರದಾ? ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಮೋಟರ್ ಕೂತ ಜಾಗದ ಮೇಲೆ ಕಾರಿನ ಸ್ವಭಾವ ನಿಲ್ಲುತ್ತದೆ. ಕಾರ್ವೆಟ್ ಇ-ರೇಯಲ್ಲಿ ಬೆನ್ನ ಹಿಂದೆ 6.2 ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರ ತಳ್ಳುತ್ತದೆ, ಮುಂದಿನ ಚಕ್ರಗಳನ್ನು ಮೋಟರ್ ಎಳೆಯುತ್ತದೆ. ಎರಡರ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಬರೀ ತಂತಿ ಮತ್ತು ಕಂಪ್ಯೂಟರ್. ಒದ್ದೆ ರಸ್ತೆಯಲ್ಲಿ ಕೈಹಿಡಿಯುವ ಕಾರು ಇದು. ಫೆರಾರಿ ಎಸ್‌ಎಫ್90ರಲ್ಲಿ ಮುಂದಿನ ಎರಡು ಚಕ್ರಕ್ಕೆ ಒಂದೊಂದು ಮೋಟರ್. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಜಾಸ್ತಿ ಬಲ, ಒಳಗಿನದಕ್ಕೆ ಕಡಿಮೆ. ಮೂತಿ ತಾನಾಗಿ ಒಳಗೆ ತಿರುಗುತ್ತದೆ. ಆ ಕಾರಿಗೆ ರಿವರ್ಸ್ ಗೇರೇ ಇಲ್ಲ, ಗೊತ್ತಾ? ಹಿಂದೆ ಹೋಗಬೇಕೆಂದರೆ ಮುಂದಿನ ಮೋಟರ್‌ಗಳು ಉಲ್ಟಾ ತಿರುಗುತ್ತವೆ, ಅಷ್ಟೇ. ಅದೇ ಫೆರಾರಿಯ 296ರಲ್ಲಿ ಮೋಟರ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ. ಎಲ್ಲ ಬಲವೂ ಹಿಂದಿನ ಚಕ್ರಕ್ಕೇ. ಒಂದೇ ಕಂಪನಿ, ಎರಡಕ್ಕೂ ಹೆಸರು ಹೈಬ್ರಿಡ್, ಸ್ವಭಾವದಲ್ಲಿ ಅಜಗಜಾಂತರ.

ಇನ್ನು ಬ್ಯಾಟರಿ. ನನ್ನ ಭವಿಷ್ಯ ಬೇಕಿದ್ದರೆ ಇಲ್ಲೇ ಬರೆದುಕೊಳ್ಳಿ: ಸಣ್ಣದಾಗುತ್ತದೆ. 2019ರ ಎಸ್‌ಎಫ್90ರಲ್ಲಿ 7.9 ಕಿಲೋವ್ಯಾಟ್ ಅವರ್ (ಎಷ್ಟು ಕರೆಂಟ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ, ಬರೀ ಕರೆಂಟಿನಲ್ಲಿ 25 ಕಿಲೋಮೀಟರ್. 2024ರಲ್ಲಿ ಅದೇ ಫೆರಾರಿ 1,200 ಹಾರ್ಸ್‌ಪವರ್‌ನ ಎಫ್80 ತೋರಿಸಿತು. ಅದರ ಬ್ಯಾಟರಿ ಬರೀ 2.3. ಜಿಟಿಎಸ್‌ದು 1.9, ಇ-ರೇಯದೂ 1.9. ಟ್ರ್ಯಾಕಿಗೆ ಬೇಕಿರುವುದು ದೊಡ್ಡ ಗೋದಾಮು ಅಲ್ಲ, ಅಗಲವಾದ ಬಾಗಿಲು. ಬ್ರೇಕ್ ಹಾಕಿದಾಗ ಬಂದದ್ದನ್ನು ಗಬಗಬನೆ ನುಂಗಿ, ತಿರುವಿನಿಂದ ಹೊರಬರುವಾಗ ಪೂರ್ತಿ ಉಗುಳಬೇಕು. ದೊಡ್ಡ ಬ್ಯಾಟರಿ ಹೊತ್ತು ತಿರುಗಿದರೆ ಆ ತೂಕವನ್ನು ಪ್ರತಿ ತಿರುವಿನಲ್ಲೂ ಟೈರು ಹೊರಬೇಕು.

ಹಾಳು ಮಾಡಿದ್ದೂ ಇದೆ, ಒಪ್ಪುತ್ತೇನೆ. ಮರ್ಸಿಡಿಸ್-ಎಎಂಜಿ ಸಿ63ಯಲ್ಲಿ 4.0 ಲೀಟರ್ ವಿ8 ತೆಗೆದು 2.0 ಲೀಟರ್ ನಾಲ್ಕು ಸಿಲಿಂಡರ್ ಮತ್ತು ಮೋಟರ್ ಹಾಕಿದರು. ಲೆಕ್ಕದಲ್ಲಿ 680 ಹಾರ್ಸ್‌ಪವರ್. ಆದರೆ ಆ ಕಾರನ್ನು ಜನ ಕೊಳ್ಳುತ್ತಿದ್ದದ್ದೇ ಸದ್ದಿಗೆ. ಹೈಬ್ರಿಡ್ ಆದ ಬಿಎಂಡಬ್ಲ್ಯು ಎಂ5 2,400 ಕಿಲೋ ದಾಟಿತು. ಅದನ್ನು ಸಮರ್ಥಿಸುವ ಕೆಲಸ ನನ್ನದಲ್ಲ.

ಆದರೆ ಲ್ಯಾಂಬೊರ್ಗಿನಿ ರೆವುಯೆಲ್ಟೊದ 6.5 ಲೀಟರ್ ವಿ12 ಉಳಿದದ್ದು ಮೂರು ಮೋಟರ್‌ಗಳ ಜೊತೆ ಸೇರಿ. ಬುಗಾಟಿ ಟೂರ್ಬಿಯಾನ್‌ನಲ್ಲಿ ಟರ್ಬೊ ಇಲ್ಲದ 8.3 ಲೀಟರ್ ವಿ16 ಇದೆ. ಹದಿನಾರು ಸಿಲಿಂಡರ್, ಈ ಕಾಲದಲ್ಲಿ! ಎಂಜಿನ್ ನಿಧಾನವಾಗಿ ತಿರುಗುವಾಗ ಬೇಕಾದ ಎಳೆತವನ್ನು ಮೋಟರ್ ನೋಡಿಕೊಳ್ಳುತ್ತದೆ, ಆದ್ದರಿಂದ ಎಂಜಿನ್ ಜೋರಾಗಿ ತಿರುಗುತ್ತಾ ಕಿರುಚಿಕೊಂಡು ಹಾಯಾಗಿರಬಹುದು. ಸದ್ದು ಹೋಯಿತು ಎಂದು ಅಳುವವರು ಇವೆರಡರ ಸದ್ದು ಒಮ್ಮೆ ಹಾಕಿ ಕೇಳಿ.

ಉಳಿದದ್ದು 911 ಜಿಟಿ3. 2024ರಲ್ಲಿ ಹೊಸದು ಬಂದಾಗಲೂ ಟರ್ಬೊ ಇಲ್ಲ, ಮೋಟರ್ ಇಲ್ಲ, 4.0 ಲೀಟರ್, 510 ಹಾರ್ಸ್‌ಪವರ್, ಬೇಕಿದ್ದರೆ ಕೈಯಿಂದ ಹಾಕುವ ಗೇರ್. ಇದರ ಮುಂದಿನದ್ದು ಏನು? ಮುಂದಿನ ಚಕ್ರಕ್ಕಂತೂ ಮೋಟರ್ ಬರುವುದಿಲ್ಲ. ಬಂದರೆ ಗೇರ್‌ಬಾಕ್ಸ್‌ನೊಳಗೆ ಒಂದು ಸಣ್ಣದು, ಬ್ಯಾಟರಿ ಎರಡು ಕಿಲೋವ್ಯಾಟ್ ಅವರ್ ಒಳಗೆ. ಇದು ನನ್ನ ಊಹೆ, "ಅಂತೆ" ಅಲ್ಲ. ತಪ್ಪಾದರೆ ಬಂದು ಬೈಯಿರಿ.

ಮುಂದಿನ ಗುರುವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ಈ ಸಲ ಕೆಳಗಿನ ದವಡೆ. ಹತ್ತಿ ತುರುಕುವ ಮೊದಲೇ ಇದನ್ನು ಅವರ ಫೋನಿಗೆ ಕಳಿಸಿರುತ್ತೇನೆ.