ನಿಮಗೇನಪ್ಪಾ, ಸಾಫ್ಟ್‌ವೇರ್!

"ನಿಮ್ಮ ಕಂಪನಿಯಲ್ಲಿ ಸಂಬಳ ಸರಿಯಾಗಿ ಕೊಡ್ತಾರಾ?" ಬೆಂಗಳೂರಿನ ಒಂದು ದೊಡ್ಡ ಐಟಿ ಕಂಪನಿಯಲ್ಲಿ 2012ರಿಂದ ಇದ್ದೇನೆ. ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿಗೆ ಹೋದರೂ ಇದೇ ಪ್ರಶ್ನೆ. ಉತ್ತರ ಬರೆದೇ ಬಿಡುತ್ತೇನೆ. ತಿಂಗಳ ಕೊನೇ ದಿನ ಸರಿಯಾಗಿ ಬರುತ್ತದೆ. ನ್ಯಾಯವಾಗಿ ಬರುತ್ತದಾ ಅಂದರೆ, ಇಲ್ಲ.

ಅಷ್ಟಕ್ಕೇ ಬಿಡುತ್ತಾರಾ? ಹೋದ ವರ್ಷ ಹಾಸನದಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಚಿಕ್ಕಪ್ಪನ ಬೀಗರು. ಎಲೆಗೆ ಕೋಸಂಬರಿ ಬೀಳುವಷ್ಟರಲ್ಲಿ ಶುರು. "ನಿಮಗೇನಪ್ಪಾ, ಸಾಫ್ಟ್‌ವೇರ್! ಪ್ಯಾಕೇಜ್ ಎಷ್ಟು?"

ಈ ಪ್ಯಾಕೇಜ್ ಅನ್ನೋ ಪದ ಕೇಳಿದರೇ ಮೈ ಉರಿಯುತ್ತದೆ. ಅದು ಸಿಟಿಸಿ ಸ್ವಾಮಿ, ಅಂದರೆ ನನ್ನ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು, ಕೈಗೆ ಬರುವ ಸಂಬಳ ಅಲ್ಲ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಇದೆ. ಐದು ವರ್ಷ ಕೂತವರಿಗೆ ಮಾತ್ರ ಸಿಗುವ ಗ್ರಾಚ್ಯುಟಿ ಇದೆ. ಇನ್ಶೂರೆನ್ಸ್ ಇದೆ. ಬೋನಸ್ ಥರದ, ಬಂದರೆ ಬಂತು ಅನ್ನುವ ವೇರಿಯಬಲ್ ಇದೆ. ಅಕ್ಕಿ ತೂಗುವಾಗ ಚೀಲ, ಗಾಡಿ ಎರಡನ್ನೂ ಸೇರಿಸಿ ತೂಗಿದ ಹಾಗೆ. ಇದನ್ನೆಲ್ಲ ಬಿಡಿಸಿ ಹೇಳಲು ಹೊರಟೆ. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಂತು, ಬೀಗರು ಆ ಕಡೆ ತಿರುಗಿದರು.

ನಾನು ಗೊಣಗುತ್ತಿಲ್ಲ. ಮೇಷ್ಟ್ರಾಗಿದ್ದ ನಮ್ಮಪ್ಪ ರಿಟೈರ್ ಆಗುವಾಗ ತಗೊಳ್ಳುತ್ತಿದ್ದದ್ದಕ್ಕಿಂತ ನನ್ನದು ಜಾಸ್ತಿ. ಸರಿ, ಸ್ವಲ್ಪ ಗೊಣಗುತ್ತಿದ್ದೇನೆ. ನಾನು ಸೇರಿದಾಗ ವರ್ಷಕ್ಕೆ 3.25 ಲಕ್ಷ. ಮೊನ್ನೆ ನನ್ನ ಟೀಮಿಗೆ ಬಂದ ಹುಡುಗಿಗೆ 3.6 ಲಕ್ಷ. ಅವಳ ಪಿಜಿಯವರು ಮಾತ್ರ 2012ರ ಬಾಡಿಗೆ ತಗೊಳ್ಳುತ್ತಿಲ್ಲ. 2023ರ ಫೆಬ್ರವರಿಯಲ್ಲಿ ವಿಪ್ರೋ, 6.5 ಲಕ್ಷ ಎಂದು ಹೇಳಿಟ್ಟಿದ್ದ ಫ್ರೆಷರ್‌ಗಳನ್ನು 3.5 ಲಕ್ಷಕ್ಕೆ ಬರ್ತೀರಾ ಎಂದು ಕೇಳಿತ್ತು. 2024-25ರಲ್ಲಿ ಇನ್ಫೋಸಿಸ್ ಸಿಇಒ ಸಲೀಲ್ ಪಾರೇಖ್ ಅವರಿಗೆ ಸಿಕ್ಕಿದ್ದು 80 ಕೋಟಿ ದಾಟಿತ್ತು, ಅದರಲ್ಲಿ ದೊಡ್ಡ ಪಾಲು ಷೇರು. ಅವರಿಗೂ ಪಂಕ್ತಿಯಲ್ಲಿ ಯಾರಾದರೂ "ನಿಮಗೇನಪ್ಪಾ" ಅನ್ನುತ್ತಾರಾ?

ನಿಜ ಹೇಳಬೇಕೆಂದರೆ, ನಿನಗೆ ಎಷ್ಟು ಕೊಡ್ತಾರೆ ಅನ್ನುವುದಲ್ಲ, ನಿನ್ನ ಹೆಸರಲ್ಲಿ ಎಷ್ಟು ತಗೊಳ್ತಾರೆ ಅಂತ ಯಾರಾದರೂ ಕೇಳಲಿ. ಯಾರೂ ಕೇಳಲ್ಲ. ನನಗೂ ಗೊತ್ತಿರಲಿಲ್ಲ. 2022ರ ಕೊನೆಯಲ್ಲಿ ಒಂದು ಕಾಲ್. ಸ್ಕ್ರೀನ್ ಶೇರ್ ಮಾಡಿದ್ದ ಮ್ಯಾನೇಜರ್ ಎಕ್ಸೆಲ್‌ನಲ್ಲಿ ತಪ್ಪು ಶೀಟ್ ಒತ್ತಿದರು. ನಾಲ್ಕೇ ಸೆಕೆಂಡು. ನನ್ನ ಎಂಪ್ಲಾಯಿ ನಂಬರ್, ಅದರ ಮುಂದೆ 26. ಕ್ಲೈಂಟ್ ನನಗಾಗಿ ಗಂಟೆಗೆ ಕೊಡುವ ಡಾಲರ್. ಆಗ ಡಾಲರ್‌ಗೆ 80 ರೂಪಾಯಿ ಮೇಲಿತ್ತು, ಅಂದರೆ ಎರಡು ಸಾವಿರ ದಾಟಿತು. ನನಗೆ ಆಗ ಗಂಟೆಗೆ ಆರುನೂರು ಬೀಳುತ್ತಿತ್ತು. ಪ್ರಾಜೆಕ್ಟ್ ಇಲ್ಲದೆ ಬೆಂಚ್‌ನಲ್ಲಿ ಕೂತವರ ಸಂಬಳ, ಬಸ್ಸು, ಕರೆಂಟು, ಅಮೆರಿಕದಲ್ಲಿ ಕೋಟು ಹಾಕಿಕೊಂಡು ಪ್ರಾಜೆಕ್ಟ್ ತರುವವರು, ಎಲ್ಲ ಅದರಲ್ಲೇ ಆಗಬೇಕು, ಒಪ್ಪುತ್ತೇನೆ. ಆದರೆ ಆ ವರ್ಷ ನನ್ನ ಸಂಬಳದ ಹೈಕ್ ಶೇ. 4. ಕಾರಣ, ಬಜೆಟ್ ಇಲ್ಲ.

"ಸಾರಿ, ಅದು ಬೇರೆ ಶೀಟು" ಎಂದು ಮ್ಯಾನೇಜರ್ ಮುಚ್ಚಿದರು. ಕಾಲ್‌ನಲ್ಲಿ ಒಂಬತ್ತು ಜನ ಇದ್ದೆವು. ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ಮ್ಯೂಟ್ ಹಾಕಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತಿದ್ದರು ಅಂತ ಕಾಣುತ್ತದೆ.