ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಕಾರಲ್ಲಿ ದಿನಕ್ಕೆ ಎಷ್ಟು ದೂರ ಹೋಗಬಹುದು?

ದೂರದ ಪ್ರಯಾಣಕ್ಕೆ ಹೊರಟ ಅಪ್ಪ ಅಮ್ಮಂದಿರು ತಪ್ಪದೆ ಕೇಳುವ ಪ್ರಶ್ನೆ ಇದು: "ದೊಡ್ಡವನಿಗೆ ಐದು, ಚಿಕ್ಕವಳಿಗೆ ಎರಡು. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು?"

ಕಿಲೋಮೀಟರಿನಲ್ಲಿ ಹೇಳಲು ಬರುವುದಿಲ್ಲ, ಕಂತಿನಲ್ಲಿ ಹೇಳಬಹುದು. ಎರಡು ಗಂಟೆ ಓಟ, ಅರ್ಧ ಗಂಟೆ ನಿಲುಗಡೆ: ಇದು ಒಂದು ಕಂತು. ದಿನಕ್ಕೆ ಮೂರು ಕಂತು ಆರಾಮ. ನಾಲ್ಕೂ ಆದೀತು, ಆದರೆ ರಂಪ, ವಾಂತಿ, ಗಂಡ ಹೆಂಡಿರ ಜಗಳ ಎಲ್ಲ ಹೊಂಚು ಹಾಕಿ ಕೂತಿರುವುದು ಆ ನಾಲ್ಕನೆಯದರಲ್ಲೇ. ಗಂಟೆಗೆ ಸರಾಸರಿ 60 ಕಿ.ಮೀ. ಸಾಗುವ ರಸ್ತೆಯಾದರೆ ಮೂರು ಕಂತಿಗೆ 360 ಕಿ.ಮೀ. ಬೆಟ್ಟದ ತಿರುವುಗಳಲ್ಲಿ ಸರಾಸರಿ 35ಕ್ಕೆ ಇಳಿದರೆ ಅದೇ ಮೂರು ಕಂತಿಗೆ 210. ಮೊಬೈಲಿನ ಮ್ಯಾಪು ಆರು ಗಂಟೆ ಎಂದರೆ ನೀವು ಏಳೂವರೆ ಎಂದು ಓದಿಕೊಳ್ಳಿ. ಮ್ಯಾಪಿಗೆ ಡೈಪರು ಗೊತ್ತಿಲ್ಲ.

ಎರಡು ಗಂಟೆಯೇ ಯಾಕೆ? ಹಸುಗೂಸು ಕಾರ್ ಸೀಟಿನಲ್ಲಿ, ಅಂದರೆ ಕಾರಿನ ಆಸನಕ್ಕೆ ಬಿಗಿಯುವ ಮಕ್ಕಳ ಸೀಟಿನಲ್ಲಿ, ಅರೆ ಕುಳಿತ ಭಂಗಿಯಲ್ಲಿರುತ್ತದೆ. ಕುತ್ತಿಗೆಗೆ ಬಲ ಬಂದಿರುವುದಿಲ್ಲವಾದ್ದರಿಂದ ತಲೆ ಎದೆಯ ಮೇಲೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ. ಅದಕ್ಕೇ ಎರಡು ಗಂಟೆಗೊಮ್ಮೆ ಸೀಟಿನಿಂದ ಎತ್ತಿ, ಸಮತಟ್ಟಾದ ಜಾಗದಲ್ಲಿ ಮಲಗಿಸಬೇಕು. ಮೊದಲ ಒಂದು ತಿಂಗಳಲ್ಲಂತೂ ಒಂದೇ ಸಲಕ್ಕೆ ಅರ್ಧ ಗಂಟೆ ದಾಟದಿದ್ದರೆ ಒಳ್ಳೆಯದು. ಅಂದರೆ ಆ ವಯಸ್ಸಿನ ಮಗುವಿಗೆ ದೂರದ ಪ್ರಯಾಣವೇ ಬೇಡ. ದೊಡ್ಡ ಮಕ್ಕಳಿಗೆ ಕಾಲು ಆಡಿಸದೆ ಕೂರುವ ಮಿತಿಯೂ ಹೆಚ್ಚೂ ಕಡಿಮೆ ಅಷ್ಟೇ. ಓಡಿಸುವವರ ಗಮನ ಸಡಿಲವಾಗುವುದೂ ಅಷ್ಟು ಹೊತ್ತಿಗೇ.

"ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ಮಕ್ಕಳು ಮಲಗಿರುತ್ತವೆ" ಎಂಬುದು ಎಲ್ಲರ ಲೆಕ್ಕ. ಮಕ್ಕಳು ಮಲಗಿರುತ್ತವೆ, ನಿಜ. ಓಡಿಸುವವರ ಮೈಯೂ ಮಲಗಬಯಸುತ್ತದೆ. ರಾತ್ರಿ ಎರಡರಿಂದ ಬೆಳಗ್ಗೆ ಆರು, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕು, ಇವು ದೇಹಕ್ಕೆ ತಾನಾಗಿ ತೂಕಡಿಕೆ ಬರುವ ಹೊತ್ತು. ಹಿಂದಿನ ರಾತ್ರಿ ಹನ್ನೆರಡರವರೆಗೆ ಬ್ಯಾಗು ಕಟ್ಟಿ ನಾಲ್ಕಕ್ಕೆ ಸ್ಟೀರಿಂಗ್ ಹಿಡಿಯುವುದು ಜಾಣತನವಲ್ಲ. ಏಳು ಗಂಟೆ ನಿದ್ದೆಯಾಗಿ, ಆರಕ್ಕೆ ಹೊರಡಿ. ಎರಡನೇ ಕಂತು ಚಿಕ್ಕ ಮಗುವಿನ ಹಗಲು ನಿದ್ದೆಯ ಹೊತ್ತಿಗೆ ಬೀಳುವಂತೆ ನೋಡಿಕೊಂಡರೆ ಅರ್ಧ ದಿನ ಗೆದ್ದಂತೆ. ಏಸಿಯನ್ನು ಒಳಗಾಳಿಯನ್ನೇ ಸುತ್ತಿಸುವ ಮೋಡಿನಲ್ಲಿ ಗಂಟೆಗಟ್ಟಲೆ ಬಿಡಬೇಡಿ. ನಾಲ್ಕೈದು ಜನ ಉಸಿರಾಡುವ ಡಬ್ಬಿಯೊಳಗೆ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹೆಚ್ಚುತ್ತದೆ. ಆಗಾಗ ಹೊರಗಾಳಿ ಬಿಡಿ.

ನಿಲುಗಡೆಯ ಅರ್ಧ ಗಂಟೆಯನ್ನು ಹೆಚ್ಚಿನವರು ಹಾಳು ಮಾಡಿಕೊಳ್ಳುತ್ತಾರೆ. ಎರಡು ಗಂಟೆ ಕೂತು ಬಂದ ಮಗುವನ್ನು ಇಳಿಸಿ ಮತ್ತೊಂದು ಕುರ್ಚಿಯಲ್ಲಿ ಕೂರಿಸಿ ಇಪ್ಪತ್ತೈದು ನಿಮಿಷ ತಿನ್ನಿಸಿ, ಬಾಯಿ ಒರೆಸಿ ಸೀದಾ ಕಾರಿಗೆ ಹತ್ತಿಸಿದರೆ ಮಗುವಿನ ಲೆಕ್ಕದಲ್ಲಿ ಅದು ನಿಲುಗಡೆಯೇ ಅಲ್ಲ. ಕ್ರಮ ಹೀಗಿರಲಿ. ವಾಹನಗಳು ಓಡದ ಬದಿಯ ಬಾಗಿಲಿನಿಂದಲೇ ಇಳಿಸಿ. ಮೊದಲು ಡೈಪರು ಅಥವಾ ಶೌಚ. ಆಮೇಲೆ ಎಂಟು ಹತ್ತು ನಿಮಿಷದಲ್ಲಿ ಮುಗಿಯುವಷ್ಟು ತಿಂಡಿ, ನೀರು. ಉಳಿದ ಹದಿನೈದು ನಿಮಿಷ ಓಟ, ನೆಗೆತ, ಯಾವುದಾದರೂ ಮೆಟ್ಟಿಲು ಹತ್ತಿ ಇಳಿಯುವುದು. ಹತ್ತುವ ಮುಂಚೆ ಇನ್ನೊಮ್ಮೆ ಶೌಚ. "ಈಗ ಬರ್ತಿಲ್ಲ" ಎನ್ನುವ ಮಗುವಿಗೆ ಹತ್ತು ನಿಮಿಷದಲ್ಲಿ ಬರುತ್ತದೆ, ಹಾಗಾಗಿ ಕೇಳುವುದು ಬೇಡ, ಕರೆದುಕೊಂಡು ಹೋಗಿ. ಆಗಷ್ಟೇ ಡೈಪರು ಬಿಟ್ಟ ಮಗುವಾದರೆ ಡಿಕ್ಕಿಯಲ್ಲಿ ಮಕ್ಕಳ ಶೌಚದ ಪಾಟಿ ಒಂದು ಇರಲಿ, ಒಳಗೊಂದು ಡೈಪರು ಹಾಸಿಟ್ಟರೆ ಚೆಲ್ಲುವ ಗೋಜಿಲ್ಲ.

ಮಲಗಿದೆಯಲ್ಲ ಎಂದು ಮಗುವನ್ನು ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಇಳಿಯಲೇಬಾರದು, ಎರಡು ನಿಮಿಷಕ್ಕೂ. ಬಿಸಿಲಿನಲ್ಲಿ ಹತ್ತು ನಿಮಿಷದೊಳಗೆ ಕಾರಿನೊಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿಯನ್ನು ಸಂದು ಬಿಟ್ಟು ಏರಿಸಿದರೆ ದೊಡ್ಡ ವ್ಯತ್ಯಾಸವಾಗದು. ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಇಳಿಯುವಾಗ ಖಾಲಿ ಸೀಟಿನ ಮೇಲೆ ತಿಳಿ ಬಣ್ಣದ ಬಟ್ಟೆ ಹೊದಿಸಿ, ವಾಪಸು ಬರುವಷ್ಟರಲ್ಲಿ ಬಕಲಿನ ಲೋಹ ಕಾದು ತೊಡೆ ಸುಡುವುದು ತಪ್ಪುತ್ತದೆ.

ಸೀಟಿನ ಬಗ್ಗೆ ಎರಡೇ ಪರೀಕ್ಷೆ. ಬೆಲ್ಟ್ ಅಥವಾ ಐಸೋಫಿಕ್ಸ್ (ಮಕ್ಕಳ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಕೊಂಡಿ) ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಿಸಿ, 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕಿದರೆ ಸಡಿಲವಿದೆ ಎಂದರ್ಥ. ದಪ್ಪ ಜಾಕೆಟ್ಟಿನ ಮೇಲೆ ಪಟ್ಟಿ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ ಅಷ್ಟೇ, ಡಿಕ್ಕಿಯಾದಾಗ ಬಟ್ಟೆ ಕುಗ್ಗಿ ಮಗು ಜಾರುತ್ತದೆ. ಜಾಕೆಟ್ ಬಿಚ್ಚಿ, ಪಟ್ಟಿ ಬಿಗಿದು, ಮೇಲೆ ಹೊದಿಸಿ. ವಿಶ್ವಸಂಸ್ಥೆಯ ಆರ್129 ಮಾನದಂಡದ ಸೀಟುಗಳಲ್ಲಿ 15 ತಿಂಗಳಾಗುವವರೆಗೆ ಮಗು ಹಿಂದಕ್ಕೆ ಮುಖ ಮಾಡಿಯೇ ಕೂರಬೇಕು. ಸೀಟಿನ ಅಳತೆ ಒಪ್ಪುವವರೆಗೆ ಅದನ್ನು ಮುಂದುವರಿಸಿದಷ್ಟೂ ಕುತ್ತಿಗೆಗೆ ಕ್ಷೇಮ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹೀಗೆ ಹಿಂದಕ್ಕೆ ಮುಖ ಮಾಡಿದ ಸೀಟನ್ನು ಇಡುವಂತಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತು ಬೇಡ. ಡಿಕ್ಕಿಯಾದಾಗ ಯಾರ ತೋಳಿಗೂ ಆ ಬಲ ಇರುವುದಿಲ್ಲ.

ಇನ್ನು ವಾಂತಿ. ಎರಡು ವರ್ಷದೊಳಗೆ ಅಪರೂಪ, ಎರಡರಿಂದ ಹನ್ನೆರಡರವರೆಗೆ ಕಾಟ. ಒಳಕಿವಿ "ಓಡುತ್ತಿದ್ದೇವೆ" ಅನ್ನುತ್ತದೆ, ಪುಸ್ತಕವನ್ನೋ ಫೋನನ್ನೋ ನೋಡುತ್ತಿರುವ ಕಣ್ಣು "ಇಲ್ಲ, ನಿಂತಿದ್ದೇವೆ" ಅನ್ನುತ್ತದೆ. ಈ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಇಂಥ ಮಕ್ಕಳಿಗೆ ಫೋನು ಬೇಡ, ಕಥೆ ಕೇಳಿಸಿ. ಹಿಂದಿನ ಸೀಟಿನ ನಡುವೆ ಸರಿಯಾದ ಬೆಲ್ಟ್ ಇದ್ದರೆ, ಮುಂದಿನ ರಸ್ತೆ ಕಾಣುವಂತೆ ಅಲ್ಲೇ ಕೂರಿಸಿ. ಖಾಲಿ ಹೊಟ್ಟೆಯೂ ಬೇಡ, ಬಿರಿಯುವಷ್ಟೂ ಬೇಡ, ಎಣ್ಣೆ ತಿಂಡಿ ಬೇಡ. ಮಾತ್ರೆ ಕೊಡುವುದಾದರೆ ವೈದ್ಯರನ್ನು ಕೇಳಿ, ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ವಾಂತಿ ಶುರುವಾದ ಮೇಲೆ ಕೊಟ್ಟು ಫಲವಿಲ್ಲ.

ವಾಂತಿಗೆ ಮುನ್ಸೂಚನೆ ಸಾಮಾನ್ಯವಾಗಿ ಇರುತ್ತದೆ. ವಟಗುಟ್ಟುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ, ಆಕಳಿಸುತ್ತದೆ, ತುಟಿ ಬಿಳುಚುತ್ತದೆ, ಬಾಯಲ್ಲಿ ನೀರೂರಿ ಮತ್ತೆ ಮತ್ತೆ ನುಂಗುತ್ತದೆ. ಕೈಯಲ್ಲಿ ಎರಡು ಮೂರು ನಿಮಿಷ ಇದೆ ಅಂದುಕೊಳ್ಳಿ. ಕಿಟಕಿ ಇಳಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಕೈಗೆ ಸಿಗುವಲ್ಲಿ, ಅಂದರೆ ಡಿಕ್ಕಿಯಲ್ಲಲ್ಲ, ಮುಂದಿನ ಸೀಟಿನ ಬೆನ್ನಿನ ಜೇಬಿನಲ್ಲಿ, ಇಷ್ಟಿರಲಿ: ಮುಚ್ಚಳವಿರುವ ಅಗಲ ಬಾಯಿಯ ಡಬ್ಬಿ, ನಾಲ್ಕು ಜಿಪ್ ಕವರು, ಒದ್ದೆ ಟಿಶ್ಯೂ, ಒಂದು ಟವೆಲು, ಮಗುವಿನ ಪೂರ್ತಿ ಒಂದು ಜೊತೆ ಬಟ್ಟೆ, ಎತ್ತಿಕೊಳ್ಳುವವರಿಗೂ ಒಂದು ಅಂಗಿ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಸೀಟಿನ ಪಟ್ಟಿಗೆ ವಾಂತಿ ಹತ್ತಿದರೆ ಬಿಚ್ಚಿ ನೆನೆಹಾಕಬೇಡಿ, ಮಷೀನಿಗೂ ಹಾಕಬೇಡಿ, ಎಳೆಯ ಬಲ ಕುಂದುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಒಣಗಿಸಿ.

ಓಡುವ ಕಾರಿನಲ್ಲಿ ಕಡಲೆಬೀಜ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಗಟ್ಟಿ ಪೆಪ್ಪರ್‌ಮಿಂಟು ಐದು ವರ್ಷದೊಳಗಿನವರಿಗೆ ಬೇಡ. ಗಂಟಲಿಗೆ ಸಿಕ್ಕಿಕೊಂಡರೆ ಸದ್ದೇ ಬರುವುದಿಲ್ಲ, ಹಿಂದಕ್ಕೆ ಮುಖ ಮಾಡಿ ಕೂತ ಮಗುವಾದರೆ ನಿಮಗೆ ಕಾಣುವುದೂ ಇಲ್ಲ. ಪುಡಿ ಹಾಲು ಕೊಡುವವರು ಪುಡಿಯನ್ನು ಅಳೆದು ಒಣ ಡಬ್ಬಿಯಲ್ಲಿ, ಬಿಸಿ ನೀರನ್ನು ಫ್ಲಾಸ್ಕಿನಲ್ಲಿ ಬೇರೆಯಾಗಿಯೇ ಒಯ್ಯಿರಿ. ಕಲಸಿದ್ದು ಎರಡು ಗಂಟೆ ದಾಟಿದರೆ, ಮಗು ಬಾಯಿ ಹಚ್ಚಿದ್ದು ಒಂದು ಗಂಟೆ ದಾಟಿದರೆ ಚೆಲ್ಲಿಬಿಡಿ.

ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಿ. ಚಾಲಕನ ಬಾಗಿಲಿನ ಅಂಚಿನ ಸ್ಟಿಕ್ಕರಿನಲ್ಲಿ ತುಂಬಿದ ಕಾರಿಗೆ ಬೇರೆ ಅಂಕಿ ಕೊಟ್ಟಿದ್ದರೆ ನಿಮಗೆ ಬೇಕಾದದ್ದು ಅದು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ನೀರಿನ ಬಾಟಲಿ, ಟ್ಯಾಬ್ ಏನೂ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಅವು ಹಾರಿ ಬೀಳುವುದು ಮಕ್ಕಳ ತಲೆಯ ಮೇಲೆ.

ಆಟಿಕೆಯ ಬ್ಯಾಗನ್ನು ಒಟ್ಟಿಗೇ ಕೊಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ನೆಲಕ್ಕೆ. ಕಂತಿಗೆ ಒಂದೇ ಹೊಸದು ಸಾಕು. "ಇನ್ನೆಷ್ಟು ದೂರ?" ಎಂಬ ರಾಗಕ್ಕೆ ಗಂಟೆಯಲ್ಲಿ ಉತ್ತರ ಕೊಡಬೇಡಿ, ನಾಲ್ಕು ವರ್ಷದ ಮಗುವಿಗೆ ಗಂಟೆ ಅಂದರೆ ಏನೂ ಅಲ್ಲ. ಕಂತಿಗೊಂದರಂತೆ ಮೂರು ಮಣಿ ಪೋಣಿಸಿದ ದಾರವನ್ನು ಕಿಟಕಿಯ ಹಿಡಿಗೆ ಕಟ್ಟಿ. ಪ್ರತಿ ನಿಲುಗಡೆಯಲ್ಲೂ ಒಂದು ಮಣಿಯನ್ನು ಅವರೇ ಆಚೆ ಸರಿಸಲಿ.

ಎರಡು ದಿನ ಬಿಡದೆ ಮೂರು ಮೂರು ಕಂತು ಓಡಿಸಿದರೆ ಮೂರನೇ ಬೆಳಗ್ಗೆ ಸೀಟು ಕಂಡ ಕೂಡಲೇ ಚಿಕ್ಕದು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ ಅಳುತ್ತದೆ. ಆ ದಿನ ಕಾರು ನಿಂತಲ್ಲೇ ಇರಲಿ. ರೂಮು ಕಾಯ್ದಿರಿಸುವಾಗಲೇ ಮೂರನೇ ದಿನವನ್ನು ಖಾಲಿ ಬಿಟ್ಟಿರಿ.