ಧಾರಾವಾಹಿಯ ಬೆನ್ನಿಗೆ ಬರುವ ಚಿತ್ರಪುಸ್ತಕಗಳು

ಐತಿಹಾಸಿಕ ಧಾರಾವಾಹಿಗಳ ಜೊತೆಗೆ ಹೊರಬರುವ ನುಣುಪು ಕಾಗದದ ದೊಡ್ಡ ಚಿತ್ರಪುಸ್ತಕಗಳನ್ನು ಅನೇಕರು ಜಾಹೀರಾತಿನ ಮುಂದುವರಿಕೆ ಎಂದೇ ಬಗೆಯುತ್ತಾರೆ. ನಟನಟಿಯರ ಮುಖಗಳಿಗೆ ಅವು ಬಿಟ್ಟುಕೊಡುವ ಪುಟಗಳನ್ನು ನೋಡಿದರೆ ಆ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಇತಿಹಾಸವೂ ಐತಿಹ್ಯವೂ ಒಂದೇ ಬಂಡೆಯ ಮೇಲೆ ನೆಲೆಸಿರುವ ಚಿತ್ರದುರ್ಗದಲ್ಲಿ ಬದುಕುತ್ತಿರುವ ನನಗೆ ಇವುಗಳಿಂದ ಬೇರೊಂದು ಪ್ರಯೋಜನ ಕಂಡಿದೆ. ಯಾವುದು ದಾಖಲೆಯಿಂದ ಬಂದದ್ದು, ಯಾವುದು ತಾವೇ ಕಟ್ಟಿಕೊಂಡದ್ದು ಎಂದು ಹೇಳಲು ಧಾರಾವಾಹಿಗೆ ಬಿಡುವಿರುವುದಿಲ್ಲ, ಪುಸ್ತಕಕ್ಕೆ ಇರುತ್ತದೆ. ಆ ಬಿಡುವನ್ನು ಅದು ಬಳಸಿಕೊಂಡಿದೆಯೇ ಎಂಬುದರ ಮೇಲೆಯೇ ನಾನು ಅದರ ಬೆಲೆ ಕಟ್ಟುತ್ತೇನೆ.

ಬಿಬಿಸಿಯ 1995ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ರೂಪಾಂತರವೇ ಹೊರತು ಇತಿಹಾಸವಲ್ಲ. ಆದರೂ ನಿರ್ಮಾಪಕಿ ಸ್ಯೂ ಬರ್ಟ್‌ವಿಸಲ್ ಮತ್ತು ಸೂಸಿ ಕಾಂಕ್ಲಿನ್ ಸೇರಿ ಬರೆದ ಅದರ ತಯಾರಿಕೆಯ ಪುಸ್ತಕವನ್ನು ನಾನು ಇಂದಿಗೂ ಮಾದರಿಯೆಂದು ಎಣಿಸುತ್ತೇನೆ, ಏಕೆಂದರೆ ಅದರ ಗಮನವೆಲ್ಲ ಕೆಲಸದ ಮೇಲಿದೆ. ಆ ಧಾರಾವಾಹಿಯಲ್ಲಿ ನಾವು ಒಂದೇ ಬಂಗಲೆಯೆಂದು ನಂಬಿ ನೋಡುವ, ನಾಯಕ ಡಾರ್ಸಿಯ ಮನೆಯಾದ ಪೆಂಬರ್ಲಿಯ ಹೊರನೋಟ ಚೆಷೈರಿನ ಲೈಮ್ ಪಾರ್ಕಿನದು, ಒಳಕೋಣೆಗಳು ಡರ್ಬಿಷೈರಿನ ಸಡ್ಬರಿ ಹಾಲಿನವು. ಇಂಗ್ಲಿಷ್ ಸಿರಿವಂತ ಮನೆತನವೊಂದರ ಕಥೆ ಹೇಳುವ ‘ಡೌನ್‌ಟನ್ ಅಬ್ಬೆ’ ಧಾರಾವಾಹಿಯದೂ ಇಂಥದೇ ಹಂಚಿಕೆ: ಯಜಮಾನರ ಕೋಣೆಗಳು ಹ್ಯಾಂಪ್‌ಷೈರಿನ ಹೈಕ್ಲೇರ್ ಕೋಟೆಮನೆಯಲ್ಲಿದ್ದರೆ, ಆಳುಗಳ ಅಡುಗೆಮನೆಯನ್ನು ಲಂಡನ್ನಿನ ಈಲಿಂಗ್ ಸ್ಟುಡಿಯೊದಲ್ಲಿ ಸೆಟ್ ಹಾಕಿ ಚಿತ್ರೀಕರಿಸಿದರು. ಮೇಲಿನಿಂದ ಕೆಳಗೆ ತಟ್ಟೆ ಹೊತ್ತು ಇಳಿಯುವ ಆಳು ತೆರೆಯ ಮೇಲೆ ನಾಲ್ಕು ಮೆಟ್ಟಿಲು ಇಳಿಯುತ್ತಾನೆ. ಚಿತ್ರೀಕರಣದಲ್ಲಿ ಅವನು ಒಂದು ಊರಿನಿಂದ ಇನ್ನೊಂದು ಊರಿಗೆ ಬಂದಿರುತ್ತಾನೆ. 2011ರಲ್ಲಿ ಜೆಸಿಕಾ ಫೆಲೋಸ್ ಬರೆದ ಅದರ ಸಂಗಾತಿ ಪುಸ್ತಕದಲ್ಲಿ ಒಡವೆ, ಉಡುಪುಗಳ ಚಿತ್ರಗಳು ಬೇಕಾದಷ್ಟಿವೆ. ನನಗೆ ಹಿಡಿಸಿದ್ದು ಮಾತ್ರ ಆಳುಕಾಳುಗಳ ದುಡಿಮೆಯ ಭಾಗ.

ಕಟ್ಟಡದ ಬೆಸುಗೆಯನ್ನು ಒಪ್ಪಿಕೊಳ್ಳುವುದು ಸುಲಭ, ಕಥೆಯ ಬೆಸುಗೆಯನ್ನು ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಕುರಿತ ನೆಟ್‌ಫ್ಲಿಕ್ಸ್ ಧಾರಾವಾಹಿ ‘ದಿ ಕ್ರೌನ್’ನ ಮೊದಲ ಸರಣಿಯಲ್ಲಿ 1952ರ ಡಿಸೆಂಬರಿನ ಲಂಡನ್ ಹೊಗೆಮಂಜು ಬರುತ್ತದೆ. ಆ ಮಂಜು ನಿಜ, ಅದರಿಂದ ಸಾವಿರಾರು ಜನ ಸತ್ತದ್ದೂ ನಿಜ. ಆದರೆ ಆ ಕಂತಿನಲ್ಲಿ ಬಸ್ಸಿಗೆ ಸಿಕ್ಕಿ ಸಾಯುವ, ಪ್ರಧಾನಿ ಚರ್ಚಿಲ್ಲರ ಮನಸ್ಸನ್ನೇ ತಿರುಗಿಸಿಬಿಡುವ ಕಾರ್ಯದರ್ಶಿ ವೆನಿಷಿಯಾ ಸ್ಕಾಟ್ ಕೇವಲ ಕಲ್ಪನೆ. ಧಾರಾವಾಹಿಯ ಇತಿಹಾಸ ಸಲಹೆಗಾರರಾದ ರಾಬರ್ಟ್ ಲೇಸಿಯವರೇ 2017ರಲ್ಲಿ ಅದರ ಸಂಗಾತಿ ಪುಸ್ತಕ ಬರೆದರು. ಸಲಹೆಗಾರನೇ ಲೇಖಕನಾದಾಗ ವಿಷಯಜ್ಞಾನಕ್ಕೆ ಕೊರತೆಯಿರುವುದಿಲ್ಲ ಸರಿ, ತನ್ನ ಮನೆಯ ಹುಳುಕನ್ನು ತಾನೇ ಎಷ್ಟು ತೆರೆದು ತೋರಿಸಿಯಾನು ಎಂಬ ಅನುಮಾನವೂ ಓದುಗನಿಗೆ ಇರಲೇಬೇಕು. 2022ರಲ್ಲಿ ನಟಿ ಜೂಡಿ ಡೆಂಚ್ ಪತ್ರಿಕೆಗೆ ಬಹಿರಂಗ ಪತ್ರ ಬರೆದ ಮೇಲೆಯೇ ನೆಟ್‌ಫ್ಲಿಕ್ಸ್ ಐದನೆಯ ಸರಣಿಯ ಟ್ರೇಲರಿನ ವಿವರಣೆಯಲ್ಲಿ ಅದು ಕಾಲ್ಪನಿಕ ನಾಟಕರೂಪವೆಂಬ ಮಾತನ್ನು ಸೇರಿಸಿತು.

ನಮ್ಮಲ್ಲಿ ಈ ಜಗಳ ಅದಕ್ಕೂ ಮೂರು ದಶಕ ಮೊದಲೇ ನಡೆದಿತ್ತು. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ಟಿಪ್ಪು ಸುಲ್ತಾನನ ಧಾರಾವಾಹಿ ದೂರದರ್ಶನದಲ್ಲಿ ಪ್ರಸಾರವಾದದ್ದೇ ಇದು ಕಲ್ಪಿತ ಕಥೆ ಎಂಬ ಸೂಚನೆಯನ್ನು ಹೊತ್ತು. ಶ್ಯಾಮ್ ಬೆನೆಗಲ್ಲರ ‘ಭಾರತ್ ಏಕ್ ಖೋಜ್’ 53 ಕಂತುಗಳ ದೊಡ್ಡ ಕೆಲಸ. ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ ಪುಸ್ತಕವನ್ನು ಆಧರಿಸಿ, ನೆಹರೂ ಪಾತ್ರಧಾರಿಯೇ ತೆರೆಯ ಮೇಲೆ ಬಂದು ಕಥೆ ಹೇಳುವ ಅದರ ಕಟ್ಟು, ನೀವು ನೋಡುತ್ತಿರುವುದು ಒಬ್ಬರ ಓದಿನ ಭಾರತ ಎಂಬುದನ್ನು ಉದ್ದಕ್ಕೂ ನೆನಪಿಸುತ್ತಿತ್ತು. ಎಚ್ಚರಿಕೆಯ ಸಾಲಿಗಿಂತ ಇದು ಹೆಚ್ಚು ಪ್ರಾಮಾಣಿಕವಾದ ದಾರಿಯೆಂದು ನನ್ನ ಎಣಿಕೆ.

ದುರ್ಗದ ಪಾಳೆಯಗಾರರ ಕುರಿತು ಒಂದು ಒಳ್ಳೆಯ ಧಾರಾವಾಹಿ ಬಂದು, ಅದರ ಬೆನ್ನಿಗೆ ಕನ್ನಡದಲ್ಲಿ ಇಂಥದೊಂದು ಪುಸ್ತಕವೂ ಬರಲಿ ಎಂಬುದು ನನ್ನ ಬಹುಕಾಲದ ಆಸೆ. ಕಥೆಗೆ ಬರವಿಲ್ಲ; ತ.ರಾ.ಸು. ‘ದುರ್ಗಾಸ್ತಮಾನ’ವನ್ನು ಬರೆದಿಟ್ಟು ಹೋಗಿದ್ದಾರೆ, ಅದಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿದೆ. ಪುಸ್ತಕಕ್ಕೆ ಬೇಕಾದ ಸಾಮಗ್ರಿಯಂತೂ ಬೆಟ್ಟದ ಮೇಲೆಯೇ ಬಿದ್ದಿದೆ. ಸಿಡಿಮದ್ದು ಅರೆಯುತ್ತಿದ್ದ ಆಳೆತ್ತರದ ಬೀಸುಗಲ್ಲುಗಳು ಹಳ್ಳದೊಳಗೆ ಈಗಲೂ ನಿಂತಿವೆ. ಅವು ತಿರುಗುತ್ತಿದ್ದ ಬಗೆಯನ್ನು ಒಂದು ರೇಖಾಚಿತ್ರದಲ್ಲಿ ತೋರಿಸಿದರೆ ಹತ್ತು ಪುಟದ ಯುದ್ಧವರ್ಣನೆ ಬೇಕಾಗುವುದಿಲ್ಲ. ಎಣ್ಣೆಕೊಳವಿದೆ, ಕಣಜಗಳಿವೆ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿಯರ ಹೊಂಡಕ್ಕೆ ಹರಿದು, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡದವರೆಗೆ ಇಳಿಯುವ ಮಳೆನೀರಿನ ದಾರಿಗೆ ಎದುರುಬದುರಾದ ಎರಡು ಪುಟಗಳ ನಕ್ಷೆಯೇ ಬೇಕು. ಮುತ್ತಿಗೆ ಹಾಕಿದವರ ಎದುರು ಕೋಟೆ ತಿಂಗಳುಗಟ್ಟಲೆ ತಡೆದು ನಿಲ್ಲುತ್ತಿದ್ದುದು ಗೋಡೆಯಷ್ಟೇ ನೀರಿನ ಬಲದಿಂದಲೂ ಎಂಬುದನ್ನು ಕ್ಯಾಮೆರಾ ಹಾದುಹೋಗುವ ಕ್ಷಣದಲ್ಲಿ ತಿಳಿಸಲಾಗದು.

ಕಷ್ಟದ ಅಧ್ಯಾಯ ಓಬವ್ವನದು. ಅವಳ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ತೋರಿಸಿದ, ಜಯಂತಿಯವರು ಅಭಿನಯಿಸಿದ ರೂಪ. ಕಿಂಡಿ ಇದೆ, ಊರಿನ ನೆನಪಿದೆ. ಆ ಮುಖ, ಆ ಕಚ್ಚೆ, ಆ ಕೆದರಿದ ಕೂದಲು ಮಾತ್ರ ಸಿನಿಮಾದ ಕೊಡುಗೆ. ಹೊಸ ಧಾರಾವಾಹಿ ಅವಳಿಗೆ ಇನ್ನೊಂದು ಮುಖ ಕೊಟ್ಟೇ ಕೊಡುತ್ತದೆ. ಆ ಉಡುಗೆಯನ್ನು ಯಾವ ಶಿಲ್ಪದಿಂದ, ಯಾವ ಹಳೆಯ ಚಿತ್ರದಿಂದ ತೆಗೆದುಕೊಂಡೆವು, ಎಲ್ಲಿ ಊಹಿಸಿದೆವು ಎಂಬುದನ್ನು ವಸ್ತ್ರವಿನ್ಯಾಸಕರು ಚಿತ್ರದ ಪಕ್ಕದಲ್ಲೇ, ಸಣ್ಣ ಅಕ್ಷರಕ್ಕೆ ತಳ್ಳದೆ ಬರೆಯಬೇಕು.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವುದರಿಂದ ಚಿತ್ರೀಕರಣಕ್ಕೆ ಅನುಮತಿ ಬೇಕು. ಬತೇರಿಗೆ ಬೆಂಕಿ ಹಚ್ಚುವ, ಬಾಗಿಲು ಒಡೆಯುವ ದೃಶ್ಯಗಳಿಗೆ ಹೇಗೂ ಬೇರೆಲ್ಲೋ ಸೆಟ್ ಹಾಕಬೇಕಾಗುತ್ತದೆ. ಹಾಗೆ ಹಾಕಿದ ಪ್ಲಾಸ್ಟರ್ ಗೋಡೆಯ ಹಿಂಬದಿಯ ಮರದ ಊರೆಗಳೂ ಕಾಣುವಂತೆ ತೆಗೆದ ಒಂದು ಫೋಟೋವನ್ನು, ನಾಯಕನಟನ ಮುಖಪುಟದ ಭಂಗಿಯಷ್ಟೇ ದೊಡ್ಡದಾಗಿ ಅಚ್ಚುಹಾಕುವ ಪ್ರಕಾಶಕರು ಸಿಕ್ಕರೆ, ಬೆಲೆ ಎಷ್ಟಿದ್ದರೂ ನಾನು ಕೊಳ್ಳುತ್ತೇನೆ.